ಕೆಂಪು ಬನಿಯನ್ನಿನ ಮನೆ, ಹಳದಿ ಬನಿಯನ್ನಿನ ತವರು

ಮುರುಗಲು ಹಣ್ಣು ಒಡೆದು ಸಿಪ್ಪೆ ಬೇರೆ, ಬೀಜ ಬೇರೆ ಮಾಡುತ್ತ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದೆ. ಎರಡು ಬುಟ್ಟಿ ಮುಗಿದಿತ್ತು, ಇನ್ನೊಂದು ಉಳಿದಿತ್ತು. ಮಳೆ ಹಿಡಿಯುವುದರೊಳಗೆ ಸಿಪ್ಪೆಗೆ ನಾಲ್ಕು ಒಳ್ಳೆಯ ಬಿಸಿಲು ಸಿಕ್ಕಿದರೆ ಇಡೀ ವರ್ಷದ ಸಾರಿಗೆ ಚಿಂತೆಯಿಲ್ಲ. ಭಟ್ಕಳದ ಈ ಮನೆಗೆ ಮದುವೆಯಾಗಿ ಬಂದಂದಿನಿಂದ ಬೇಸಿಗೆಯ ಕೊನೆಗೆ ಈ ಕೆಲಸ ನನಗೆ ಕಟ್ಟಿಟ್ಟದ್ದು. ಒಳಗೆ ಫೋನು ಹೊಡೆದುಕೊಂಡಿತು. ನನ್ನ ಕೈ ಮೊಣಗಂಟಿನವರೆಗೆ ರಸ. ನಮ್ಮವರೇ ಫೋನು ತಂದು ನನ್ನ ಕಿವಿಗೆ ಹಿಡಿದು ನಿಂತರು. ಕುಮಟೆಯಿಂದ ಭಾರತಿ, ನನ್ನ ಸೋದರಮಾವನ ಮಗಳು.

“ಗೌರಕ್ಕ, ಹಳದಿ ಮುಗೀತೇ. ನಿನ್ನೆ ಮೀಟಿಂಗ್ ಮಾಡಿ ತಂಡ ಬರ್ಖಾಸ್ತು ಮಾಡಿದ್ರು.”

“ಯಾಕೆ? ಎಂತ ಆತು?”

“ಕಬಡ್ಡಿ ಆಡುವವರೇ ಇಲ್ಲ. ಹೋದ ವರ್ಷ ಏಳು ಜನ ಸೇರಿಸ್ಲಿಕ್ಕೆ ಮೀನು ಲಾರಿ ಡ್ರೈವರಿಗೆ ಬನಿಯನ್ ಹಾಕ್ಸಿದ್ರು. ಈಗ ಯಾರೋ ದೊಡ್ಡವರು ಬಂದಿದ್ದಾರೆ. ಹೊನ್ನಾವರ, ಕುಮಟೆ ಎರಡೂ ಸೇರಿಸಿ ಒಂದೇ ತಂಡ ಮಾಡ್ತಾರಂತೆ. ಹರಿಯಾಣದಿಂದ ಹುಡುಗರನ್ನ ತರ್ತಾರಂತೆ. ಬನಿಯನ್ ನೀಲಿ.”

“ಮಾವ ಎಂತ ಹೇಳ್ದ?”

“ನೀಲಿ ನೀಲಿ ಅಂತ ಗೊಣಗ್ತಾ ಕೂತಿದ್ದಾನೆ. ಗಂಜಿ ಎರಡು ಚಮಚಕ್ಕಿಂತ ಹೆಚ್ಚು ಒಳಗೆ ಹೋಗ್ಲಿಲ್ಲ. ಬೆಳಿಗ್ಗೆ ಒಮ್ಮೆ, ಲಕ್ಷ್ಮಿ ಮಗಳು ಇದ್ದಾಳಾ ಅಂತ ಕೇಳ್ದ.”

ಲಕ್ಷ್ಮಿ ಎಂದರೆ ನನ್ನ ಅಮ್ಮ. ಅವಳು ಹೋಗಿ ಹನ್ನೆರಡು ವರ್ಷವಾಯಿತು. ಫೋನು ಇಟ್ಟ ಮೇಲೆ ಉಳಿದ ಬುಟ್ಟಿ ಹಣ್ಣನ್ನು ಹೇಗೆ ಒಡೆದೆನೋ ತಿಳಿಯದು. ಮಾವನಿಗೆ ನಾನು ಹೇಳಬೇಕಾದ ಒಂದು ಮಾತು ಐವತ್ತು ವರ್ಷದಿಂದ ನನ್ನೊಳಗೆ ಉಳಿದಿತ್ತು. ಆ ಮಾತನ್ನು ನಾನು ಆಡದೆ ಹೋದದ್ದರಿಂದ ಅಮ್ಮ ಸಾಯುವವರೆಗೂ ತನ್ನ ತವರಿನ ಹೊಸಿಲು ದಾಟಲಿಲ್ಲ. ಮಾವ ಎಂಬತ್ತು ದಾಟಿದ್ದಾನೆ. ಹೇಳುವುದಿದ್ದರೆ ಈಗಲೇ ಹೇಳಬೇಕು. ಅವನ ತಂಡ ಮುಗಿದ ಸುದ್ದಿ ಕೇಳಿದಾಗ ನನಗೆ ಹೊಳೆದದ್ದು ಇದೊಂದೇ. ಉಳಿದದ್ದು ತಿಳಿಯಬೇಕಾದರೆ ನಮ್ಮ ಹಳದೀಪುರದ ಮನೆಯನ್ನು ಹೇಳಬೇಕು.

ಹಳದೀಪುರ ಹೊನ್ನಾವರಕ್ಕೂ ಕುಮಟೆಗೂ ನಡುವೆ ಇದೆ. ನಮ್ಮ ಮನೆ ಹೆದ್ದಾರಿಗೆ ತಾಗಿಯೇ ಇತ್ತು. ಮನೆ ದೊಡ್ಡದಲ್ಲ, ಜಗಲಿ ಮಾತ್ರ ದೊಡ್ಡದು. ಆ ಜಗಲಿಯ ಮೇಲೆ ಮನೆಗೆ ಸಂಬಂಧವೇ ಇಲ್ಲದ ಆರು ಜನ ಗಂಡಸರು ಚಾಪೆ ಹಾಸಿಕೊಂಡು ವರ್ಷವೆಲ್ಲ ಇರುತ್ತಿದ್ದರು. ಹೊನ್ನಾವರದ ಹತ್ತಿರ ಆಗ ಒಂದು ಹಂಚಿನ ಕಾರ್ಖಾನೆಯಿತ್ತು. ಅದರ ಸಾಹುಕಾರರಿಗೆ ಕಬಡ್ಡಿಯ ಹುಚ್ಚು. ತಮ್ಮದೇ ಒಂದು ತಂಡ ಕಟ್ಟಿ, ಎಲ್ಲೆಲ್ಲಿಂದಲೋ ಆಟಗಾರರನ್ನು ತಂದು, ಸಂಬಳ ಕೊಟ್ಟು ಸಾಕುತ್ತಿದ್ದರು. ಕಾರ್ಖಾನೆಯ ಪುಸ್ತಕದಲ್ಲಿ ಅವರೆಲ್ಲ ಮಣ್ಣು ಹದ ಮಾಡುವವರು, ಹಂಚು ಹೊರುವವರು. ಮಣ್ಣು ಮುಟ್ಟಿದ್ದು ಆಟದ ಅಂಗಳದಲ್ಲಿ ಮಾತ್ರ. ಕೆಂಪು ಬನಿಯನ್ ಅವರ ಗುರುತು. ತಂಡಕ್ಕೆ ಏನೋ ಉದ್ದದ ಹೆಸರಿತ್ತು, ಯಾರೂ ಅದನ್ನು ಕರೆಯುತ್ತಿರಲಿಲ್ಲ. ಕಾರವಾರದಿಂದ ಭಟ್ಕಳದವರೆಗೆ ‘ಕೆಂಪು’ ಎಂದರೆ ಸಾಕಿತ್ತು. ಅಪ್ಪ ಮೊದಲು ಕೆಂಪಿನ ಆಟಗಾರ, ಆಮೇಲೆ ಆಟ ಕಲಿಸುವವನು. ಹೊರಗಿನಿಂದ ಬಂದವರಿಗೆ ಊಟ, ವಸತಿ ನಮ್ಮಲ್ಲಿ. ಅಕ್ಕಿ, ಕಾಯಿ, ಎಣ್ಣೆ ಸಾಹುಕಾರರ ಮನೆಯಿಂದ ಬರುತ್ತಿತ್ತು, ಬೇಯಿಸುವ ಕೈ ಅಮ್ಮನದು. ಎರಡು ಹೊತ್ತಿನ ಅನ್ನದ ಚರಿಗೆ ಇಳಿಸಿ ಇಳಿಸಿ ಅವಳ ಎಡಗೈಯ ಮೇಲೆ ಸುಟ್ಟ ಗುರುತು ಒಂದು ಆರುವುದರೊಳಗೆ ಇನ್ನೊಂದು ಏಳುತ್ತಿತ್ತು. ಧಾರವಾಡದ ಕಡೆಯ ಬಸಪ್ಪ ಎಂಬವನು ಬಂದ ಮೊದಲ ವಾರ ಕುಚ್ಚಲಕ್ಕಿ ಅನ್ನವನ್ನು ಕಲಸಿ ಕಲಸಿ ತಟ್ಟೆಯಲ್ಲೇ ಬಿಡುತ್ತಿದ್ದ.

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಈ ಅನ್ನ ಗಂಟಲಾಗ ಇಳಿಯವಲ್ದು. ಒಂದೊಂದು ಅಗಳೂ ನನ್ನ ಕೂಡ ಕುಸ್ತಿ ಹಿಡೀತೈತಿ.”

ಅಮ್ಮ ನಕ್ಕು, ಯಾರನ್ನೋ ಕೇಳಿ ಜೋಳದ ಹಿಟ್ಟು ತರಿಸಿ, ರೊಟ್ಟಿ ಬಡಿಯಲು ಕಲಿತಳು. ಮೊದಲ ರೊಟ್ಟಿಗಳು ನಕಾಶೆಯ ಹಾಗಿದ್ದವು. ಬಸಪ್ಪ ಅವನ್ನೇ ಕಣ್ಣಿಗೊತ್ತಿಕೊಂಡು ತಿಂದ. ಸಾಕುವುದು ಎಂದರೆ ಎದುರಿಗೆ ಕೂತವನ ಬಾಯಿಗೆ ಹಿಡಿಸುವುದನ್ನು ಕಲಿಯುವುದು ಎಂದು ನನಗೆ ಗೊತ್ತಾದದ್ದು ಆ ಹೊಗೆಯಲ್ಲಿ ಕೂತು.

ದೇವರ ಕೋಣೆ ನಡುಮನೆಯ ಮೂಲೆಯಲ್ಲಿತ್ತು. ಅದು ಅಪ್ಪನ ಅಮ್ಮ, ನನ್ನ ಅಜ್ಜಿಯ ರಾಜ್ಯ. ಅಪ್ಪ ತನ್ನ ಆಟಗಾರರಿಗೆ ಉಸಿರು ಕಟ್ಟುವುದನ್ನು ಕಲಿಸಿದ್ದು ಅಲ್ಲಿ. ಬೆಳಿಗ್ಗೆ ಓಡಿ, ತಣ್ಣೀರು ಸುರಿದುಕೊಂಡು ಬಂದವರು ಬಾಗಿಲ ಹೊರಗೆ ಸಾಲಾಗಿ ಕೂರಬೇಕು. ಅಜ್ಜಿ ದೀಪ ಹಚ್ಚಿದ ಮೇಲೆ ಒಬ್ಬೊಬ್ಬರೂ ಒಂದೇ ಉಸಿರಿನಲ್ಲಿ ದೇವರ ನಾಮ ಹೇಳಬೇಕು. ಕೇಶವ, ನಾರಾಯಣ, ಮಾಧವ ಎಂದು ಶುರುವಾಗಿ ಇಪ್ಪತ್ತನಾಲ್ಕು ಮುಗಿದರೆ ಮತ್ತೆ ಮೊದಲಿನಿಂದ. ಎರಡು ಸುತ್ತು ದಾಟದವನಿಗೆ ದೋಸೆಯಿಲ್ಲ, ಬರೀ ಗಂಜಿ. ನಡುವೆ ಉಸಿರು ಕದ್ದರೆ ಅಜ್ಜಿಗೆ ತಿಳಿದುಬಿಡುತ್ತಿತ್ತು.

“ಹೇಯ್, ಗೋವಿಂದ ಆದ್ಮೇಲೆ ಮೂಗಲ್ಲಿ ಎಳ್ಕೊಂಡೆ ನೀನು. ದೇವರಿಗೆ ಮೋಸ ಮಾಡ್ತ್ಯಾ?”

“ಇಲ್ರಿ ಅಜ್ಜಿ, ನೆಗಡಿ.”

“ನೆಗಡಿಗೆ ಗಂಜಿಯೇ ಒಳ್ಳೇದು. ಲಕ್ಷ್ಮೀ, ಇವನಿಗೆ ಗಂಜಿ.”

ನಾನೂ ಅವರ ಸಾಲಿನ ಕೊನೆಗೆ ಕೂತು ಹೇಳುತ್ತಿದ್ದೆ. ನನ್ನ ಭಕ್ತಿ ಶುರುವಾದದ್ದು ಹೀಗೆ, ಮೈಯ ನೀರು ಆರದ ಆರು ಗಂಡಸರ ಜೊತೆ, ದೋಸೆಯ ಆಸೆಯಲ್ಲಿ. ದೇವರು ಅದನ್ನೂ ಭಕ್ತಿ ಎಂದೇ ಎಣಿಸಿಕೊಂಡಿರಬೇಕು. ಇಲ್ಲದಿದ್ದರೆ ಆಮೇಲಿನ ದಿನಗಳಲ್ಲಿ ಹಿಡಿದುಕೊಳ್ಳಲು ನನಗೆ ಬೇರೆ ಏನಿತ್ತು?

ಕೆಂಪಿಗೆ ಎದುರಾಳಿ ಹಳದಿ. ಅದು ಕುಮಟೆಯ ಒಬ್ಬ ಅಕ್ಕಿ ಗಿರಣಿಯವರು ನಡೆಸುತ್ತಿದ್ದ ತಂಡ. ಅಲ್ಲಿಯೂ ಆಟಕ್ಕೆ ಸಂಬಳವಿತ್ತು, ಆದರೆ ಹೊರಗಿನವರನ್ನು ತರುತ್ತಿರಲಿಲ್ಲ. ಕುಮಟೆಯ ಕೇರಿಕೇರಿಗಳ ಹುಡುಗರೇ. ಅದರ ನಾಯಕ ನನ್ನ ಮಾವ ನಾಗಪ್ಪ, ಅಮ್ಮನ ಒಬ್ಬನೇ ಅಣ್ಣ. ಹೀಗಾಗಿ ನಮ್ಮ ಮನೆ ಕೆಂಪು, ಅಮ್ಮನ ತವರು ಹಳದಿ. ಅಮ್ಮನ ಮದುವೆಯಾದ ವರ್ಷ ಮಾವ ಏನೋ ಕೆಲಸಕ್ಕೆ ನಮ್ಮಲ್ಲಿಗೆ ಬಂದವನು ತನ್ನ ಬನಿಯನ್ ಬಿಟ್ಟುಹೋಗಿದ್ದನಂತೆ. ಅಮ್ಮ ಅಂಟುವಾಳದ ನೊರೆಯಲ್ಲಿ ಅದನ್ನು ಒಗೆದು, ನೆರಳಿನಲ್ಲಿ ಆರಿಸಿ, ಮಡಿಸಿ ಕೊಟ್ಟಳಂತೆ. ಆ ಸಲ ಹಳದಿ ಗೆದ್ದಿತು. ಅಲ್ಲಿಂದ ಅದೊಂದು ಪದ್ಧತಿಯಾಯಿತು. ಪ್ರತಿ ವರ್ಷ ಸುಗ್ಗಿ ಕಳೆದ ಮೇಲೆ ಕುಮಟೆಯ ಮೈದಾನದಲ್ಲಿ ಕೆಂಪಿಗೂ ಹಳದಿಗೂ ದೊಡ್ಡ ಪಂದ್ಯ. ಅದರ ಎರಡು ದಿನ ಮೊದಲು ಮಾವನ ಬನಿಯನ್ ಕುಮಟೆಯಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬರುವುದು, ಅಮ್ಮ ಒಗೆದು ದೇವರ ಮುಂದಿಡುವುದು, ಪಂದ್ಯದ ಬೆಳಿಗ್ಗೆ ಮಾವ ಮೊದಲ ಬಸ್ಸಿಗೆ ಬಂದು ದೋಸೆ ತಿಂದು ಅದನ್ನು ತೊಟ್ಟುಕೊಂಡೇ ಹೋಗುವುದು. ಎದುರಾಳಿಯ ಬನಿಯನ್ ಎದುರಾಳಿಯ ಮನೆಯಲ್ಲೇ ಮಡಿಯಾಗುವುದು ಬೇರೆ ಎಲ್ಲಾದರೂ ಉಂಟೋ ನನಗೆ ಗೊತ್ತಿಲ್ಲ. ಅಪ್ಪ ಅದಕ್ಕೆ ಎಂದೂ ಬೇಡ ಅನ್ನಲಿಲ್ಲ.

“ತೊಳ್ದು ಕೊಡು ಮಾರಾಯ್ತಿ. ಬನಿಯನ್ ಶುದ್ಧ ಇದ್ರೆ ಮಣ್ಣು ಹತ್ತಿದ್ದು ಚಂದ ಕಾಣ್ತದೆ.”

“ಹತ್ತು ವರ್ಷದಲ್ಲಿ ಎಷ್ಟು ಸಲ ಹತ್ತಿಸಿದ್ರಿ ಹೇಳಿ ಕಾಂಬ?” ಎಂದು ಅಮ್ಮ ಕೇಳಿದರೆ ಅಪ್ಪ ಬೆರಳು ಮಡಚಿದ ಹಾಗೆ ಮಾಡಿ ಎದ್ದು ಹೋಗುತ್ತಿದ್ದ. ಬೇರೆ ಊರುಗಳಲ್ಲಿ ಕೆಂಪು ಗೆದ್ದ ಬಹುಮಾನದ ಕಪ್ಪುಗಳಿಗೆ ಲೆಕ್ಕವಿರಲಿಲ್ಲ. ಆದರೆ ಮಾವ ಬನಿಯನ್ ಒಗೆಸಿಕೊಂಡು ಹೋದ ವರ್ಷಗಳಲ್ಲಿ ಕುಮಟೆಯ ಮೈದಾನದಲ್ಲಿ ಅದು ಗೆದ್ದದ್ದಿಲ್ಲ.

ನನಗೆ ಒಂಬತ್ತು ವರ್ಷವಾದಾಗ ಸಾಹುಕಾರರು ಹುಬ್ಬಳ್ಳಿಯಿಂದ ಹೊಸ ಬನಿಯನ್ ತರಿಸಿದರು. ಕಣ್ಣಿಗೆ ಹೊಡೆಯುವ ಕೆಂಪು. ಗಂಜಿ ಹಾಕಿದ ಹಾಗೆ ಬಿರುಸಾಗಿದ್ದವು, ಒಮ್ಮೆ ನೆನೆಸಿ ಹಿಂಡಿದರೆ ಮೈಗೆ ಒಗ್ಗುತ್ತವೆ ಎಂದು ಅಮ್ಮ ದೊಡ್ಡ ಬಾನಿಯಲ್ಲಿ ನೀರು ತುಂಬಿಸಿ ಅವನ್ನು ಅದ್ದಿದಳು. ಅಂದೇ ಮಾವನ ಬನಿಯನ್ನೂ ಬಂದಿತ್ತು. ಅದಕ್ಕೆ ಬೇರೆಯೇ ಒಂದು ತಾಮ್ರದ ತಪ್ಪಲೆ ಇತ್ತು. ಅಮ್ಮ ಒಲೆಯ ಮುಂದೆ ಇದ್ದವಳು, ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ತಂಗಿ ಎಂದು ನನ್ನನ್ನು ಕರೆದು ಹೇಳಿದಳು.

“ತಂಗಿ, ಮಾವನ ಬನಿಯನ್ ತಪ್ಪಲೆಯಲ್ಲಿ ನೆನೆಹಾಕು. ಅಂಟುವಾಳ ಹಿಂಡಿ ಇಟ್ಟಿದ್ದೇನೆ. ಬಾನಿಗೆ ಹಾಕ್ಬೇಡ ಮತ್ತೆ.”

ಜಗಲಿಯಲ್ಲಿ ಬಸಪ್ಪ ಒಂದೇ ಉಸಿರಿನಲ್ಲಿ ನಾಲ್ಕು ಸುತ್ತು ನಾಮ ಹೇಳುತ್ತೇನೆಂದು ಪಂಥ ಕಟ್ಟಿದ್ದ. ಎಲ್ಲರೂ ಸುತ್ತ ನಿಂತು ಎಣಿಸುತ್ತಿದ್ದರು. ತಪ್ಪಲೆಗೆ ನೀರು ಸೇದಬೇಕಾದರೆ ಬಾವಿಗೆ ಹೋಗಬೇಕು, ಅಷ್ಟರಲ್ಲಿ ಪಂಥ ಮುಗಿದುಹೋಗುತ್ತದೆ. ನಾನು ಬನಿಯನ್ನನ್ನು ಬಾನಿಗೆ ತುರುಕಿ ಓಡಿದೆ. ಆಮೇಲೆ ತೆಗೆದರಾಯಿತು ಎಂದುಕೊಂಡೆ. ಬಸಪ್ಪ ಮೂರೂವರೆ ಸುತ್ತಿಗೆ ಕೆಮ್ಮಿದ. ನಾನು ನಕ್ಕು ನಕ್ಕು ಸುಸ್ತಾಗಿ ಅಜ್ಜಿಯ ಪಕ್ಕ ಮಲಗಿ ನಿದ್ದೆಹೋದೆ.

ಎದ್ದಾಗ ಅಮ್ಮ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಆ ಬನಿಯನ್ನನ್ನು ಉಜ್ಜುತ್ತಿದ್ದಳು. ನಿಂಬೆಹುಳಿ, ಉಪ್ಪು, ಬೂದಿ ಎಲ್ಲ ಸುತ್ತ ಹರಡಿತ್ತು. ಹಳದಿಯ ಮೇಲೆ ಎದೆಯಿಂದ ಬೆನ್ನಿನವರೆಗೆ ಕೆಂಪು ಹಬ್ಬಿ, ಮೈಮೇಲೆ ಗಾದರಿ ಎದ್ದ ಹಾಗೆ ಕಾಣುತ್ತಿತ್ತು. ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ.

“ನೀನು ಬಾಯಿ ಬಿಡ್ಬೇಡ. ಯಾರು ಕೇಳಿದ್ರೂ ನಾನೇ ಹಾಕಿದ್ದು. ಆತಾ?”

ಆತು ಎಂದು ತಲೆ ಅಲ್ಲಾಡಿಸಿದೆ. ನನ್ನನ್ನು ಅಪ್ಪನ ಪೆಟ್ಟಿನಿಂದ ಉಳಿಸುವುದು ಅವಳ ಉದ್ದೇಶ. ಅಣ್ಣ ಏನಾದರೂ ಅಂದರೆ ತಾನು ಸಮಾಧಾನ ಮಾಡಿಯೇನು ಎಂದುಕೊಂಡಿರಬೇಕು.

ಮಾವ ಪಂದ್ಯದ ಬೆಳಿಗ್ಗೆ ಬಂದ. ದೋಸೆಯ ಮುಂದೆ ಕೂತ. ಅಮ್ಮ ದೇವರ ಮುಂದಿನಿಂದ ಬನಿಯನ್ ತಂದು ಅವನ ಕೈಗೆ ಕೊಟ್ಟು ಅಲ್ಲಿಯೇ ನಿಂತಳು. ಮಾವ ಮಡಿಕೆ ಬಿಚ್ಚಿದ.

“ಇದೆಂತದು ಲಕ್ಷ್ಮೀ?”

“ನನ್ನ ಕೈಯಿಂದ ಆಗಿಹೋತು ಅಣ್ಣಾ. ಹೊಸ ಬನಿಯನ್ ಇಷ್ಟು ಬಣ್ಣ ಬಿಡ್ತದೆ ಅಂತ ಗೊತ್ತಾಗ್ಲಿಲ್ಲ.”

“ಹತ್ತು ವರ್ಷ ತೊಳ್ದವಳು ನೀನು. ನಿನ್ನ ಕೈಯಿಂದ ಆಗುದಲ್ಲ ಇದು. ಯಾರು ಮಾಡ್ಸಿದ್ದು ಹೇಳು.”

ಅಪ್ಪ ಆಗ ಒಳಗೆ ಬಂದ. ಅವನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಬನಿಯನ್ ನೋಡಿದವನೇ ದೊಡ್ಡದಾಗಿ ನಕ್ಕುಬಿಟ್ಟ.

“ಅರ್ಧ ಕೆಂಪಾದೆಯಲ್ಲ ಭಾವ! ಉಳಿದರ್ಧ ಸಾಯಂಕಾಲ ನಾವು ಮಾಡ್ತೇವೆ, ಬಾ.”

ಪ್ರತಿ ವರ್ಷ ಅವರಿಬ್ಬರೂ ಆಡಿಕೊಳ್ಳುತ್ತಿದ್ದ ಮಾತಿನ ಹಾಗೆಯೇ ಇದೂ ಒಂದು. ಆದರೆ ಅಂದು ಮಾವ ನಗಲಿಲ್ಲ. ದೋಸೆಯ ತಟ್ಟೆಯನ್ನು ಮುಂದಕ್ಕೆ ಸರಿಸಿ ಎದ್ದ. ಜಗಲಿಯಲ್ಲಿ ಆರು ಜನ ಆಟಗಾರರೂ ನೋಡುತ್ತಿದ್ದರು. ಚಪ್ಪಲಿ ಮೆಟ್ಟಿಕೊಂಡು, ಅಂಗಳದಿಂದ ತಿರುಗಿ ಅಮ್ಮನಿಗೆ ಹೇಳಿದ.

“ಇನ್ನು ನನ್ನ ಮನೆ ಹೊಸಿಲು ತುಳೀಬೇಡ. ಗಂಡನ ತಂಡ ಸಾಕು ನಿಂಗೆ.”

ನಾನು ಅಡಿಗೆಮನೆಯ ಬಾಗಿಲ ಸಂದಿನಲ್ಲಿದ್ದೆ. ನಾಲ್ಕು ಹೆಜ್ಜೆ ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಮ್ಮ ತಿರುಗಿ ನನ್ನನ್ನು ನೋಡಿದಳು, ಬೇಡ ಎಂಬ ಹಾಗೆ. ಬೇಡ ಅನ್ನಿಸಿಕೊಳ್ಳಲು ನಾನೂ ಕಾದಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸಾಯಂಕಾಲ ಮಾವ ಬೇರೆ ಯಾರದೋ ಬನಿಯನ್ ತೊಟ್ಟು ಆಡಿದನಂತೆ. ಕೊನೆಯ ರೈಡಿಗೆ ಹೋದವನು ಗೆರೆ ಮುಟ್ಟಲು ಒಂದು ಮೊಳ ಇರುವಾಗ ಉಸಿರು ಬಿಟ್ಟನಂತೆ. ಬಿದ್ದು ಮೊಣಕಾಲಿಗೂ ಪೆಟ್ಟಾಯಿತು. ಕೆಂಪು ಗೆದ್ದಿತು. ಕಪ್ಪು ತಂದು ಜಗಲಿಯಲ್ಲಿಟ್ಟು ಎಲ್ಲರೂ ಕುಣಿದರು. ಅಮ್ಮ ಅವರಿಗೆಲ್ಲ ಪಾಯಸ ಬಡಿಸಿದಳು. ಮಾವ ಆಮೇಲೆ ಅಂಗಳಕ್ಕೆ ಇಳಿಯಲೇ ಇಲ್ಲ, ಆಟ ಕಲಿಸುವವನಾಗಿ ಉಳಿದ.

ಆ ವರ್ಷ ಚೌತಿಗೆ ತವರಿನಿಂದ ಕರೆ ಬರಲಿಲ್ಲ. ಅಮ್ಮ ಹೊಸ ಹಸಿರು ಸೀರೆಯ ಅಂಚಿಗೆ ಫಾಲ್ಸು ಹಚ್ಚಿಟ್ಟುಕೊಂಡಿದ್ದಳು. ಕುಮಟೆಯ ಕಡೆಯಿಂದ ಬರುವ ಬಸ್ಸು ನಿಂತ ಸದ್ದಾದಾಗಲೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಜಗಲಿಗೆ ಬರುತ್ತಿದ್ದಳು. ಯಾರಾದರೂ ಇಳಿದರೆ ನೋಡಿ ಒಳಗೆ ಹೋಗುತ್ತಿದ್ದಳು. ಮುಂದಿನ ವರ್ಷ ಬಸ್ಸಿನ ಸದ್ದಿಗೆ ಎದ್ದು ಬರುವುದನ್ನು ಬಿಟ್ಟಳು, ಆದರೆ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ನಾನು ಮಾತ್ರ ಕಾಣುತ್ತಿದ್ದೆ. ಅಪ್ಪನೊಡನೆ ಅವಳು ಒಮ್ಮೆಯೇ ಜಗಳವಾಡಿದ್ದು.

“ನೀವೊಮ್ಮೆ ಹೋಗಿ ಮಾತಾಡಿ. ನಗೆಗೆ ಅಂದದ್ದು ಅಂತ ಹೇಳಿ.”

“ಮಾಡದ ತಪ್ಪಿಗೆ ನಾನ್ಯಾಕೆ ಹೋಗ್ಲಿ? ಕದ್ದು ಬಣ್ಣ ಹಾಕ್ಸಿದೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದಾನೆ ನಿನ್ನಣ್ಣ.”

ಅಪ್ಪನ ಮಾತು ನ್ಯಾಯವಾದದ್ದೇ. ಅದೇ ಕಷ್ಟ. ಅವನ ನ್ಯಾಯದ ಕೀಲಿ ನನ್ನ ಬಾಯಲ್ಲಿತ್ತು.

ಕೆಂಪು ಎರಡೇ ವರ್ಷದಲ್ಲಿ ಹೋಯಿತು. ಜನ ಮನೆಗೆ ಸ್ಲ್ಯಾಬು ಹಾಕತೊಡಗಿದ್ದರು, ಹಂಚು ಕೇಳುವವರು ಕಡಿಮೆಯಾದರು, ಸಾಹುಕಾರರು ತೀರಿಕೊಂಡರು, ಮಕ್ಕಳಿಗೆ ಆಟ ಬೇಡವಾಯಿತು. ಒಂದು ಸೋಮವಾರ ಅಕ್ಕಿಯ ಮೂಟೆ ಬರಲಿಲ್ಲ. ಬುಧವಾರದ ಹೊತ್ತಿಗೆ ಜಗಲಿ ಖಾಲಿ. ಬಸಪ್ಪ ಮಾತ್ರ ಹೊರಡುವಾಗ ದೇವರ ಕೋಣೆಯ ಮುಂದೆ ನಿಂತು, ಎರಡು ಸುತ್ತು ನಾಮ ಹೇಳಿ, ಅಜ್ಜಿಯ ಕಾಲಿಗೆ ಬಿದ್ದು ಹೋದ. ಕಪ್ಪುಗಳು ಎಲ್ಲಿ ಹೋದವೋ ಇಂದಿಗೂ ಗೊತ್ತಿಲ್ಲ. ಬನಿಯನ್ನುಗಳು ಕೆಲವು ನಮ್ಮಲ್ಲೇ ಉಳಿದವು. ಅಮ್ಮ ಅವನ್ನು ಮಸಿ ಅರಿವೆ ಮಾಡಿಕೊಂಡಳು. ನಾಲ್ಕನೇ ನಂಬರಿನ ಬನಿಯನ್ನಿನಲ್ಲಿ ಅನ್ನದ ಚರಿಗೆ ಇಳಿಸುವುದನ್ನು ಅಪ್ಪ ಒಮ್ಮೆ ನೋಡಿದ. ಅವನದೇ ನಂಬರು ಅದು. ಎದ್ದು ಕೈ ತೊಳೆಯಲು ಹೋದ. ಆಮೇಲೆ ಅವನು ಹೊನ್ನಾವರದ ಪಕ್ಕದ ಕಾಸರಕೋಡಿನ ಬಂದರದಲ್ಲಿ ಮೀನಿನ ಬುಟ್ಟಿ ಎತ್ತುವ ಕೆಲಸಕ್ಕೆ ಸೇರಿದ. ಪುಸ್ತಕದಲ್ಲಿ ಸುಳ್ಳೇ ಬರೆಸಿಕೊಂಡಿದ್ದ ಹೊರುವ ಕೆಲಸ ಈಗ ನಿಜವಾಯಿತು.

ಹಳದಿಯ ಕತೆ ಬೇರೆ. ಗಿರಣಿ ನಿಂತ ಮೇಲೂ ಊರವರು ಪಟ್ಟಿ ಹಾಕಿ ದುಡ್ಡು ಕೂಡಿಸಿ ನಡೆಸಿದರು. ಒಂದು ವರ್ಷ ಒಳ್ಳೆಯ ಹಿಡಿತಗಾರ ಗೋವೆಗೆ ಹೋದ, ಇನ್ನೊಂದು ವರ್ಷ ಇನ್ನೊಬ್ಬನಿಗೆ ಬ್ಯಾಂಕಿನ ಕೆಲಸವಾಯಿತು. ಗೆಲ್ಲುವುದು ನಿಂತಿತು, ಆಡುವುದು ನಿಲ್ಲಲಿಲ್ಲ. ಎರಡರಲ್ಲಿ ಯಾವುದು ದೊಡ್ಡದು ಎಂದು ಚಾದಂಗಡಿಗಳಲ್ಲಿ ಹಳಬರು ಈಗಲೂ ವಾದ ಮಾಡುತ್ತಾರೆ. ಕಪ್ಪಿನ ಲೆಕ್ಕಕ್ಕೆ ಕೆಂಪು, ಆಯುಸ್ಸಿನ ಲೆಕ್ಕಕ್ಕೆ ಹಳದಿ. ಎರಡನ್ನೂ ಅಡಿಗೆಮನೆಯಿಂದ ನೋಡಿದವಳು ನಾನು, ನನಗೆ ಕಂಡದ್ದು ಇಷ್ಟೆ. ಕೆಂಪು ಹೋದದ್ದು ಹಾಲು ಉಕ್ಕಿದ ಹಾಗೆ. ತಿರುಗಿ ನೋಡುವುದರೊಳಗೆ ಪಾತ್ರೆ ಖಾಲಿ, ಆಮೇಲೆ ಒಲೆ ಒರೆಸಿದರೆ ಮುಗಿಯಿತು. ಹಳದಿ ಹೋದದ್ದು ಉಪ್ಪಿನಕಾಯಿಯ ಭರಣಿಯ ಹಾಗೆ. ಮೇಲೆ ಬೂಸಲು ಬಂತೆಂದು ತೆಗೆಯುವುದು, ಅಡಿಯದು ಚೆನ್ನಾಗಿದೆ ಎಂದು ಉಣ್ಣುವುದು, ಮತ್ತೆ ಬೂಸಲು, ಮತ್ತೆ ತೆಗೆಯುವುದು. ಕೆಂಪಿನವರಿಗೆ ಅಳಲು ಒಂದು ದಿನವಾದರೂ ಸಿಕ್ಕಿತು. ಹಳದಿಯವರಿಗೆ ಅದೂ ಇಲ್ಲ, ಯಾವ ದಿನ ಅಳಬೇಕೆಂದೇ ತಿಳಿಯದೆ ನಲವತ್ತು ವರ್ಷ ಕಳೆದುಹೋಯಿತು. ಮನೆತನಗಳೂ ಹಾಗೆಯೇ. ನಮ್ಮಲ್ಲಿ ಒಂದೇ ಬೆಳಿಗ್ಗೆ ಮುರಿದ ಸಂಬಂಧದ ನೋವನ್ನು ಮಾವನ ಮನೆಯಲ್ಲಿ ವರ್ಷಗಟ್ಟಲೆ ನಿಧಾನವಾಗಿ ಉಂಡರು.

ಕೆಂಪು ಹೋದ ಮೇಲೆ ಒಂದು ದಾರಿ ತೆರೆದಿತ್ತು. ಹಳದಿಯ ಇಬ್ಬರು ಹಿರಿಯರು ನಮ್ಮಲ್ಲಿಗೆ ಬಂದು, ಮಾವನ ಜೊತೆ ನೀವೂ ಹುಡುಗರಿಗೆ ಆಟ ಕಲಿಸಿ ಎಂದು ಅಪ್ಪನನ್ನು ಕೇಳಿದರು. ಅಮ್ಮ ಅವರಿಗೆ ಎರಡೆರಡು ಸಲ ಚಾ ಮಾಡಿ ಕೊಟ್ಟಳು. ಬಾಗಿಲ ಹಿಂದೆ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

“ನಾಗಪ್ಪ ಒಪ್ಪಿದ್ದಾನಾ?” ಅಪ್ಪ ಕೇಳಿದ.

“ಅವ ಬೇಡ ಅನ್ಲಿಲ್ಲ.”

“ಬೇಡ ಅನ್ನದಿದ್ರೆ ಸಾಕಾ? ಕಳ್ಳ ಅಂದವನು ಬಂದು ಕರೀಲಿ. ಮರ್ಯಾದೆ ಬೇಡ, ಬೀಡಿ ಸೇದಿಕೊಂಡೇ ಬರ್ಲಿ, ಅಡ್ಡಿಲ್ಲ. ಬಂದು ಕರೀಲಿ.”

ಅವರು ಎದ್ದು ಹೋದರು. ಅಮ್ಮ ಲೋಟಗಳನ್ನು ತೊಳೆದಿಟ್ಟಳು. ನನಗೆ ಆಗ ಹನ್ನೊಂದು ವರ್ಷ, ಅಪ್ಪನ ಪೆಟ್ಟಿನ ಹೆದರಿಕೆ ಕಡಿಮೆಯಾಗಿತ್ತು. ಅದರ ಜಾಗದಲ್ಲಿ ಬೇರೆ ಹೆದರಿಕೆ ಬಂದಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಹೇಳದೆ ಕಳೆದ ಒಂದೊಂದು ದಿನವೂ ಮರುದಿನ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು. ಕುಮಟೆಯ ಅಜ್ಜಿ, ಅಮ್ಮನ ತಾಯಿ, ತೀರಿಕೊಂಡಾಗ ಅಮ್ಮ ಹೋದಳು. ಹೆಣ ಅಂಗಳಕ್ಕೆ ತರುವವರೆಗೆ ತೆಂಗಿನ ಮರದ ಕೆಳಗೆ ನಿಂತಿದ್ದಳು. ಅಂಗಳದಲ್ಲೇ ತಾಯಿಯ ಮುಖ ನೋಡಿದಳು, ಬಾವಿಯ ಹತ್ತಿರ ತಲೆಗೆ ನೀರು ಹಾಕಿಕೊಂಡಳು, ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿದಳು. ಹೊಸಿಲು ದಾಟಲಿಲ್ಲ. ಒಳಗೆ ಬಾ ಎಂದು ಹೆಂಗಸರು ಕರೆದರು. ಕರೆಯಬೇಕಾದವನು ಮೆಟ್ಟಿಲ ಮೇಲೆ ತಲೆ ಕೆಳಗೆ ಹಾಕಿ ಕೂತಿದ್ದ. ದೇವರು ಅವಳಿಗೆ ತಾಯಿಯ ಮುಖವನ್ನಾದರೂ ಕಾಣಿಸಿದ ಎಂದು ನಾನು ಸಮಾಧಾನ ಹೇಳಿಕೊಂಡದ್ದುಂಟು. ಅಷ್ಟೂ ಸಿಗದವರು ಇದ್ದಾರೆ.

ಭಾರತಿಯ ಫೋನು ಬಂದ ಮೂರನೆಯ ದಿನ ಕುಮಟೆಗೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಳದೀಪುರ ದಾಟುವಾಗ ನಮ್ಮ ಮನೆಯಿದ್ದ ಕಡೆ ನೋಡಿದೆ. ರಸ್ತೆ ಅಗಲ ಮಾಡಿದಾಗ ಜಗಲಿ ಹೋಯಿತು, ಈಗ ಅಲ್ಲಿ ವಾಹನಗಳು ಓಡುತ್ತವೆ. ಮಾವ ಒಳಗೆ ಬೆತ್ತದ ಕುರ್ಚಿಯಲ್ಲಿದ್ದ. ಎದುರಿಗೆ ಗಾಜಿನ ಕಪಾಟಿನಲ್ಲಿ ಕಪ್ಪುಗಳು, ಕಪ್ಪಾಗಿದ್ದವು. ಹೊಸಿಲಿನಲ್ಲಿ ನನ್ನ ಕಾಲು ನಿಂತಿತು. ಭಾರತಿ ಕೈ ಹಿಡಿದು ಎಳೆದುಕೊಂಡಳು. ಮಾವನಿಗೆ ನನ್ನ ಗುರುತು ಸಿಕ್ಕಿತು, ಅದೂ ದೇವರ ದಯೆಯೇ.

“ಲಕ್ಷ್ಮಿ ಮಗಳಲ್ದಾ? ಕೂತ್ಕೋ. ಕೇಳ್ದ್ಯಾ, ನೀಲಿಯಂತೆ! ಕಬಡ್ಡಿಗೆ ಯಾರಾದ್ರೂ ನೀಲಿ ಹಾಕ್ತಾರಾ? ಪೋಸ್ಟ್‌ಮ್ಯಾನ್ ಕಂಡ ಹಾಗೆ ಕಾಣುದು.”

“ಪೋಸ್ಟ್‌ಮ್ಯಾನ್ ಖಾಕಿ ಅಪ್ಪ,” ಎಂದಳು ಭಾರತಿ.

“ಅದಕ್ಕಿಂತ ಕಡೆ.”

ನಾನು ಕಾದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ನೇರ ಹೇಳಿಬಿಟ್ಟೆ.

“ಮಾವ, ನಿನ್ನ ಬನಿಯನ್ ಕೆಂಪು ಬಾನಿಗೆ ಹಾಕಿದ್ದು ಅಮ್ಮ ಅಲ್ಲ. ಅಪ್ಪ ಹಾಕ್ಸಿದ್ದೂ ಅಲ್ಲ. ನಾನು ಹಾಕಿದ್ದು. ಅಮ್ಮ ನನ್ನ ಮೇಲಿನದನ್ನ ತನ್ನ ಮೇಲೆ ಹಾಕ್ಕೊಂಡ್ಳು.”

ಮಾವ ಮೊಣಕಾಲು ತಿಕ್ಕುತ್ತಿದ್ದ ಕೈಯನ್ನು ನಿಲ್ಲಿಸಿದ. ಕೇಳಿಸಿತೋ ಇಲ್ಲವೋ ಎಂದುಕೊಂಡೆ.

“ಎಷ್ಟು ವರ್ಷ ಆಗಿತ್ತು ನಿಂಗೆ?”

“ಒಂಬತ್ತು.”

“ನಂಗೆ ಮೂವತ್ತಾರು. ಮೂವತ್ತಾರಕ್ಕೆ ಉಸಿರು ನಿಲ್ಲುದಿಲ್ಲ ತಂಗಿ. ಅದರ ಹಿಂದಿನ ವರ್ಷವೇ ನಿಂತಿರ್ಲಿಲ್ಲ, ಗೆದ್ದದ್ದು ಹುಡುಗರಿಂದ. ಆ ಬನಿಯನ್ ಚೊಕ್ಕ ಇದ್ದಿದ್ರೂ ಸೋಲ್ತಿದ್ದೆ. ಬೆಳಿಗ್ಗೆ ನಿಮ್ಮಲ್ಲಿಗೆ ಬರುವಾಗಲೇ ಗೊತ್ತಿತ್ತು ನಂಗೆ.”

“ಹಾಗಾದ್ರೆ ಅಮ್ಮನಿಗೆ ಯಾಕೆ ಹಾಗೆ ಅಂದೆ?”

“ಸೋಲುದಕ್ಕೆ ಒಂದು ಕಾರಣ ಬೇಕಿತ್ತು. ಕೈಗೆ ಸಿಕ್ತು.” ಮತ್ತೆ ಮೊಣಕಾಲು ತಿಕ್ಕತೊಡಗಿದ. “ಸಿಟ್ಟಿಗೆ ಅಂದದ್ದು ಅದು. ಚೌತಿಗೆ ಬತ್ತಾಳೆ ಅಂತ್ಲೇ ಮಾಡಿದ್ದೆ. ಬಂದಿದ್ರೆ ಹೊರಗೆ ಹಾಕ್ತಿದ್ನಾ? ಬರ್ಲೇ ಇಲ್ಲ.”

“ನೀನು ಕರೀಲಿಲ್ಲ ಮಾವ.”

“ತಂಗಿಯನ್ನ ತವರಿಗೆ ಕರೀಬೇಕಾ?”

“ಬರಬೇಡ ಅಂದವನು ಕರೀಬೇಕು.”

ಅಷ್ಟು ಗಟ್ಟಿಯಾಗಿ ಹಿರಿಯರೆದುರು ನಾನು ಎಂದೂ ಮಾತಾಡಿದವಳಲ್ಲ. ಮಾವ ಕಪಾಟಿನ ಕಡೆ ಮುಖ ತಿರುಗಿಸಿದ. ನನ್ನ ಭಾರ ಇಳಿಯುತ್ತದೆ ಎಂದು ಬಂದಿದ್ದೆ. ಇಳಿಯಲಿಲ್ಲ. ನಾನು ಹೇಳಿದ್ದರೆ ಅವನಿಗೆ ಆ ಕಾರಣ ತಪ್ಪಿಹೋಗುತ್ತಿತ್ತು, ಅಮ್ಮ ಚೌತಿಗೆ ಹೋಗುತ್ತಿದ್ದಳು. ಬೇರೆ ಜಗಳ ಹುಡುಕುತ್ತಿದ್ದನೋ ಏನೋ, ಹೇಳಲಾಗದು. ತಪ್ಪು ನನ್ನೊಬ್ಬಳದೇ ಅಲ್ಲ ಎಂದು ತಿಳಿದರೆ ಸಮಾಧಾನವಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಆಗಲಿಲ್ಲ. ಅಲ್ಲಿ ಮೆಟ್ಟಿಲ ಮೇಲೆ ಒಬ್ಬ, ಇಲ್ಲಿ ಜಗಲಿಯಲ್ಲಿ ಒಬ್ಬಳು, ಏಳೆಂಟು ಮೈಲಿ ನಡುವೆ ಇಟ್ಟುಕೊಂಡು ಇಬ್ಬರೂ ಕಾದರು, ಇಬ್ಬರಿಗೂ ಬೇಕಾದ ಮಾತು ಇಟ್ಟುಕೊಂಡು ನಾನು ದೊಡ್ಡವಳಾದೆ.

ಹೊರಡುವಾಗ ಭಾರತಿ ಚೌತಿಗೆ ಬಾ ಎಂದಳು. ನಾನು ಉತ್ತರ ಕೊಡುವ ಮೊದಲೇ ಮಾವ, ನಾನು ಎದುರಿಗೇ ನಿಂತಿದ್ದರೂ ಮಗಳ ಕಡೆ ತಿರುಗಿ ಹೇಳಿದ.

“ನಾನು ಕರೀತಿದ್ದೇನೆ ಅಂತ ಹೇಳು ಅವಳಿಗೆ.”

ಅಷ್ಟು ಹೇಳುವುದಕ್ಕೇ ಅವನಿಗೆ ಉಸಿರು ಸಾಲಲಿಲ್ಲ. ಭಾರತಿ ನನ್ನ ಕಡೆ ನೋಡಿದಳು. ನಾನು ಬಗ್ಗಿ ಅವನ ಕಾಲು ಮುಟ್ಟಿದೆ. ಎಡ ಮೊಣಕಾಲು ಇನ್ನೂ ಊದಿಕೊಂಡೇ ಇತ್ತು.

ಸಾಯಂಕಾಲ ಭಟ್ಕಳದ ಮನೆಗೆ ಬಂದು ಕಾಲು ತೊಳೆದೆ. ನಮ್ಮವರು ತಾವೇ ಚಾ ಮಾಡಿಟ್ಟಿದ್ದರು, ಸಕ್ಕರೆ ಹೆಚ್ಚಾಗಿತ್ತು, ಆದರೂ ಬಿಸಿಯಿತ್ತು.

“ಎಂತ ಅಂದ ಮಾವ?”

“ಚೌತಿಗೆ ಕರ್ದ.”

“ಹೋಗ್ತ್ಯಾ?”

“ಹೋಗುದು,” ಎಂದೆ. “ಅಮ್ಮನ ಹಸಿರು ಸೀರೆ ಪೆಟ್ಟಿಗೆಯಲ್ಲಿದೆ, ಅದನ್ನೇ ಉಟ್ಟು ಹೋಗುದು.” ಅವರು ಇನ್ನೂ ಏನೋ ಕೇಳುವುದರಲ್ಲಿದ್ದರು. ಅಷ್ಟರಲ್ಲಿ ಹಿತ್ತಿಲ ನಲ್ಲಿ ಗೊರಗೊರ ಎಂದಿತು. ಬೇಸಿಗೆಯಲ್ಲಿ ನಮ್ಮ ಕೇರಿಗೆ ನೀರು ಬಿಡುವುದು ದಿನ ಬಿಟ್ಟು ದಿನ, ಅದೂ ಮುಕ್ಕಾಲು ಗಂಟೆ. ಲೋಟ ಕೆಳಗಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಮೊದಲು ಕುಡಿಯುವ ನೀರಿನ ಕೊಡ ಹಿಡಿದೆ.